ತೊಂಬತ್ತೆಂಟಕ್ಕೆ ಕುದಿಯುವ ನೀರು

ಕಳೆದ ಶನಿವಾರ ಮಿಕ್ಸರ್ ರಿಪೇರಿಗೆಂದು ಸಿಕಂದರಾಬಾದಿಗೆ ಹೋಗಿದ್ದೆ. ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಮುದುಕ ಇನ್ನೂ ಮೋಟಾರು ಬಿಚ್ಚಿಕೊಂಡು ಕೂರುತ್ತಾನೆ. ಉಳಿದ ಅಂಗಡಿಯವರೆಲ್ಲ ಹೊಸದು ತೊಗೊಳ್ಳಿ ಅನ್ನುವವರೇ. ಮುದುಕ ಕಾದ ಸೋಲ್ಡರ್ ಕಡ್ಡಿಯನ್ನು ರಾಳದ ಡಬ್ಬಿಗೆ ಅದ್ದಿದ. ಚುಂಯ್ ಎಂದು ಹೊಗೆ ಎದ್ದಿತು. ಆ ಹೊಗೆ ಮೂಗಿಗೆ ತಾಗಿದ್ದೇ ತಡ, ಶಿವಲೀಲಾ ನೆನಪಾದಳು. ಲ್ಯಾಬಿನ ತಂತಿಗಳನ್ನು ಬೆಸೆಯುತ್ತಿದ್ದ ಅವಳ ಕೈಬೆರಳುಗಳಿಂದ ಯಾವಾಗಲೂ ಇದೇ ವಾಸನೆ ಬರುತ್ತಿತ್ತು. ಹಳೆಯವರು ನೆನಪಾದರೆ ಮನಸ್ಸು ಅರಳುತ್ತದೆ ಅನ್ನುತ್ತಾರೆ. ನನಗೆ ಹೊಟ್ಟೆ ಉರಿಯಿತು. ಏಳೆಂಟು ವರ್ಷವಾದರೂ ಆ ಉರಿ ಆರಿಲ್ಲವಲ್ಲ ಎಂದು ಅಲ್ಲೇ, ಆ ಗಲ್ಲಿಯಲ್ಲೇ, ನನಗೆ ನಾಚಿಕೆಯಾಯಿತು.

ನಾನು ಹೈದರಾಬಾದಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಳತೆ ಮತ್ತು ಅಳತೆಯ ಉಪಕರಣಗಳ ಪಾಠ ಹೇಳುವವಳು. ಶಾಖ, ಒತ್ತಡ, ಕಂಪನ ಇವನ್ನೆಲ್ಲ ಹೇಗೆ ಅಳೆಯಬೇಕು, ಅಳೆದದ್ದನ್ನು ಎಷ್ಟು ನಂಬಬೇಕು ಎಂದು ಹುಡುಗರಿಗೆ ಕಲಿಸುವುದು ನನ್ನ ಕೆಲಸ. ಅಪ್ಪ ರಾಯಚೂರಿನ ಕಡೆಯಿಂದ ಕೇಂದ್ರ ಸರ್ಕಾರದ ಕಾರ್ಖಾನೆಯ ನೌಕರಿಗೆಂದು ಇಲ್ಲಿಗೆ ಬಂದವರು. ನಾನು ಹುಟ್ಟಿದ್ದು ಇಲ್ಲೇ. ಕಾಲೇಜಿನಲ್ಲಿ ತೆಲುಗು, ಆಟೋದವನ ಹತ್ತಿರ ಹಿಂದಿ, ಮನೆಯಲ್ಲಿ ಅವ್ವನ ಜೊತೆ ಕನ್ನಡ. ನನ್ನ ಗಂಡ ರೈಲ್ವೆಯವರು, ಆಗ ಅವರ ಕೆಲಸ ಕಾಜಿಪೇಟೆಯಲ್ಲಿತ್ತು, ವಾರಕ್ಕೊಮ್ಮೆ ಬರುತ್ತಿದ್ದರು. ಹಾಗಾಗಿ ಮನೆಯಲ್ಲಿ ನಾವಿಬ್ಬರೇ, ಅವ್ವ ಮತ್ತು ನಾನು.

ಮೊದಲು ನಮ್ಮ ಲ್ಯಾಬಿನ ಒಂದು ಪದ್ಧತಿ ಹೇಳಬೇಕು. ಹೊರಗಿನವರಿಗೆ ಹೇಳಿದರೆ ನಗುತ್ತಾರೆ, ಒಳಗಿನವರು ಕೆಮ್ಮುತ್ತಾರೆ. ಪ್ರಯೋಗ ಮಾಡಿ ಉತ್ತರ ಕಂಡುಹಿಡಿಯಬೇಕು ತಾನೆ? ಹುಡುಗರು ಹಿಂದಿನ ವರ್ಷದವರ ರೆಕಾರ್ಡಿನಿಂದ ಮೊದಲು ಉತ್ತರ ತೆಗೆದುಕೊಳ್ಳುತ್ತಾರೆ. ಆ ಉತ್ತರ ಬರಬೇಕಾದರೆ ರೀಡಿಂಗು ಎಷ್ಟಿರಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕಿ ತುಂಬುತ್ತಾರೆ. ಇದಕ್ಕೆ ಅವರ ಹೆಸರು 'ಉಲ್ಟಾ'. ಉಲ್ಟಾ ಹೊಡೆಯಲು ಸುಲಭವಾಗಲೆಂದೇ ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆಯುವುದು. ನಾನೂ ಉಲ್ಟಾ ಹೊಡೆದೇ ಪಾಸಾದವಳು. ಲ್ಯಾಬಿನ ಕೈಪಿಡಿ ಬರೆದವಳೂ ನಾನೇ. ಅದರೊಳಗಿನ ಮಾದರಿ ರೀಡಿಂಗುಗಳು ಎಲ್ಲಿಂದ ಬಂದವು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ನನ್ನ ಲ್ಯಾಬಿನಲ್ಲಿ ತಪ್ಪಿನ ಪ್ರಮಾಣ ನೂರಕ್ಕೆ ಒಂದನ್ನು ದಾಟುತ್ತಿರಲಿಲ್ಲ. ನಮ್ಮ ವಿಭಾಗದ ಮುಖ್ಯಸ್ಥರು, ಅಂದರೆ ಎಚ್‌ಒಡಿ ರಾವ್ ಸಾರ್, ಬಂದ ಅತಿಥಿಗಳಿಗೆಲ್ಲ ನನ್ನ ಲ್ಯಾಬಿನ ರೆಕಾರ್ಡುಗಳನ್ನೇ ತೋರಿಸುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ಆ ವರ್ಷ ಆಷಾಢದಲ್ಲಿ, ಊರೆಲ್ಲ ಬೋನಾಲು ಹಬ್ಬದ ತಮಟೆ ಬಡಿಯುತ್ತಿದ್ದಾಗ, ಶಿವಲೀಲಾ ಬಂದಳು. ರಸ್ತೆಯಲ್ಲಿ ಮೆರವಣಿಗೆ, ಮೇಲಿಂದ ಮಳೆ. ಸಲ್ವಾರಿನ ಅಂಚೆಲ್ಲ ಕೆಸರಾಗಿ, ಛತ್ರಿ ಉಲ್ಟಾ ಮಗುಚಿಕೊಂಡು ಲ್ಯಾಬಿನ ಬಾಗಿಲಲ್ಲಿ ನಿಂತಳು. ಗದಗಿನ ಕಡೆಯವಳು, ಡಿಪ್ಲೊಮಾ ಓದಿದವಳು. ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಗೇಜುಗಳನ್ನು ಪರೀಕ್ಷಿಸುವ ಕೋಣೆಯಲ್ಲಿ ಎಂಟು ವರ್ಷ ಕೆಲಸ ಮಾಡಿದ್ದಳು. ಗಂಡನಿಗೆ ರಕ್ಷಣಾ ಇಲಾಖೆಯಲ್ಲಿ ಇಲ್ಲಿಗೆ ವರ್ಗವಾಗಿತ್ತು. ನಮ್ಮಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಎಂದು ಒಂದು ಸೆಮಿಸ್ಟರಿನ ಮಟ್ಟಿಗೆ ತೆಗೆದುಕೊಂಡಿದ್ದರು; ಕೆಲಸ ಚೆನ್ನಾಗಿದ್ದರೆ ಮುಂದೆ ಕಾಯಂ ಎಂಬ ಮಾತಿತ್ತು.

"ನಮಸ್ಕಾರ್ರಿ ಅಕ್ಕೋರ," ಅಂದಳು. "ನೀವು ಕನ್ನಡದವ್ರಂತ ಆಫೀಸಿನ್ಯಾಗ ಹೇಳಿದ್ರು. ಜೀವ ಬಂದಂಗಾತು ನೋಡ್ರಿ."

ಆ ಕಡೆ ಶಾಲೆಯ ಟೀಚರಮ್ಮನನ್ನು ಅಕ್ಕೋರು ಅನ್ನುತ್ತಾರೆ. ನನಗೂ ಒಂದು ಗಳಿಗೆ ಹಿತವಾಯಿತು. ಆದರೆ ಹಿಂದೆ ನಿಂತಿದ್ದ ಹುಡುಗರು ಕಿಸಕ್ಕೆಂದರು.

"ಕಾಲೇಜಿನ್ಯಾಗ ಅಕ್ಕೋರು ಗಿಕ್ಕೋರು ಬ್ಯಾಡ್ರಿ. ಮೇಡಂ ಅನ್ರಿ," ಅಂದೆ.

"ಆತ್ರಿ ಮೇಡಂ," ಅಂದಳು. ಬೇಸರ ಮಾಡಿಕೊಳ್ಳಲಿಲ್ಲ. ಛತ್ರಿಯನ್ನು ನೆಟ್ಟಗೆ ಮಾಡಿ ಮೂಲೆಗಿಟ್ಟು, ಒಂದೊಂದೇ ಉಪಕರಣದ ಮುಂದೆ ಹೋಗಿ ನಿಂತಳು. ಒತ್ತಡ ಅಳೆಯುವ ಗೇಜಿನ ಗಾಜನ್ನು ಉಗುರಿನಿಂದ ಟಕ್ ಟಕ್ ಎಂದು ತಟ್ಟಿದಳು. ಮುಳ್ಳು ಒಂದು ಕೂದಲಿನಷ್ಟು ಸರಿಯಿತು. "ಮುಳ್ಳು ಹಿಡಕೊಂಡಿರತೈತ್ರಿ. ತಟ್ಟಿ ಎಬ್ಬಿಸಿ ಓದಬೇಕು," ಅಂದಳು. ನಾನು ಹನ್ನೊಂದು ವರ್ಷ ಆ ಗೇಜನ್ನು ಓದಿದ್ದೆ, ಒಮ್ಮೆಯೂ ತಟ್ಟಿರಲಿಲ್ಲ. ಮಲಗಿದ್ದ ಮುಳ್ಳನ್ನೇ ಓದುತ್ತಿದ್ದೆ ಎಂದಾಯಿತು.

ಹುಡುಗರಲ್ಲಿ ಎರಡು ಬ್ಯಾಚುಗಳಿದ್ದವು. ಮೊದಲನೆಯದು ನನ್ನದು. ಎರಡನೆಯದನ್ನು ನೋಡಿಕೊಳ್ಳುತ್ತಿದ್ದ ಮೇಡಂ ಹೆರಿಗೆ ರಜೆಯ ಮೇಲಿದ್ದರು. ಕಾಗದದ ಮೇಲೆ ಅದಕ್ಕೂ ನಾನೇ ಹೊಣೆ; ನಿಜದಲ್ಲಿ ಅದು ಶಿವಲೀಲಾಳ ಕೈಗೆ ಹೋಯಿತು. ಮೊದಲ ದಿನವೇ ಅವಳು ಆ ಮೂವತ್ತು ಮಂದಿಯ ಪೆನ್ಸಿಲುಗಳನ್ನು ಒಂದು ಬೀಕರಿನಲ್ಲಿ ಕೂಡಿಸಿಟ್ಟಳು. ಪೆನ್ನಿನಲ್ಲೇ ಬರೆಯಬೇಕು, ತಪ್ಪಿದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು, ಅಳಿಸುವಂತಿಲ್ಲ. ಈ ಊರಿಗೆ ಬಂದು ಹದಿನೈದು ದಿನವಾಗಿರಲಿಲ್ಲ, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಇದನ್ನೆಲ್ಲ ಹೇಳಿದಳು. ಹುಡುಗರು ಗೊಣಗಿದರು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ ಅವಳು ನಕ್ಕಳು. "ಪೆನ್ಸಿಲಿನ್ಯಾಗ ಬರದದ್ದು ರೀಡಿಂಗ್ ಅಲ್ರಿ ಮೇಡಂ, ಅದು ಬೇಡಿಕಿ. ದೇವ್ರೇ ಹಿಂಗ ಬರಲಿ, ದೇವ್ರೇ ಹಂಗ ಬರಲಿ!"

ನಾನೂ ನಕ್ಕೆ. ಹೊಟ್ಟೆಯಲ್ಲಿ ಕಿಚ್ಚು, ಬಾಯಲ್ಲಿ ಬೆಲ್ಲ ಅನ್ನುತ್ತಾರಲ್ಲ, ಅದು ಶುರುವಾದದ್ದು ಆವತ್ತೇ.

ಮೂರು ವಾರದಲ್ಲಿ ಅವಳು ತೆಲುಗು ಕಲಿತಳು. ಎಂಥ ತೆಲುಗು! ಕ್ರಿಯಾಪದಕ್ಕೆಲ್ಲ 'ರಿ' ಅಂಟಿಸಿ, ನೋಡಿ ಎನ್ನುವ "ಚೂಡಂಡಿ"ಯನ್ನು "ಚೂಡಂಡಿರಿ" ಅನ್ನುತ್ತಿದ್ದಳು. ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು, ತಿದ್ದುತ್ತಿದ್ದರು, ಅವಳ ಸುತ್ತಲೇ ಇರುತ್ತಿದ್ದರು. ನನ್ನದು ಅಚ್ಚ ತೆಲುಗು, ಇದೇ ಊರಿನಲ್ಲಿ ಬೆಳೆದದ್ದು. ಅದನ್ನು ಯಾರೂ ಯಾವತ್ತೂ ಗಮನಿಸಿರಲಿಲ್ಲ. ಶ್ರಾವಣ ಬರುವ ಹೊತ್ತಿಗೆ ಅವಳು ಎಲ್ಲರ ಬಾಯಲ್ಲೂ 'ಲೀಲಕ್ಕ' ಆಗಿದ್ದಳು. ತೆಲುಗಿಗೂ ಕನ್ನಡಕ್ಕೂ ಅಕ್ಕ ಅಂದರೆ ಅಕ್ಕನೇ. ನಾನು ಬೇಡವೆಂದು ತಳ್ಳಿದ ಪದವನ್ನು ಅವಳು ಕೇಳದೆಯೇ ಪಡೆದಿದ್ದಳು. ನಾನು ಮೇಡಂ ಆಗಿಯೇ ಉಳಿದೆ.

ನನ್ನ ಬ್ಯಾಚಿನ ಹುಡುಗರು ಮಂಗಳವಾರ ನನ್ನ ಲ್ಯಾಬು ಮುಗಿಸಿ, ಗುರುವಾರ ಅವಳ ಲ್ಯಾಬಿನ ಹೊತ್ತಿಗೆ ಕಳ್ಳರ ಹಾಗೆ ಮತ್ತೆ ಬರುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದರೆ ಗೋಡೆಯಾಚೆಯಿಂದ ಟಕ್ ಟಕ್ ಕೇಳುತ್ತಿತ್ತು. ಗೇಜು ಇರಲಿ, ವೋಲ್ಟ್‌ಮೀಟರಿರಲಿ, ಎಲ್ಲರೂ ತಟ್ಟುವವರೇ. ಮುಳ್ಳಿಲ್ಲದ ಡಿಜಿಟಲ್ ಮೀಟರನ್ನೂ ಒಬ್ಬ ತಟ್ಟುತ್ತಿದ್ದ. ಆ ಸದ್ದು ನನ್ನ ತಲೆಯ ಮೇಲೇ ಬೀಳುತ್ತಿತ್ತು. ಒಮ್ಮೆ ಎದ್ದು ಹೋಗಿ, "ಇದೇನು ಲ್ಯಾಬೋ ಪಾತ್ರೆ ಅಂಗಡಿಯೋ?" ಎಂದು ಕೂಗಿದೆ. ಎಲ್ಲರೂ ಸುಮ್ಮನಾದರು. ನಾನು ತಿರುಗಿ ಬಂದು ಕೂತ ಮೇಲೆ ಮತ್ತೆ ಶುರುವಾಯಿತು, ಈ ಸಲ ಮೆತ್ತಗೆ.

ನಾಗರಪಂಚಮಿಗೆ ಅವಳು ನಮ್ಮ ಮನೆಗೆ ಬಂದಳು. ಡಬ್ಬಿಯಲ್ಲಿ ಶೇಂಗಾ ಉಂಡಿ, ಅಳ್ಳಿಟ್ಟು. ಅವ್ವ ಉಂಡಿಯನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು.

"ಇಂಥಾ ಉಂಡಿ ತಿಂದು ಎಷ್ಟ ವರ್ಷ ಆಗಿತ್ತವ್ವಾ. ಈಕಿಗಿ ಬರೂದುಲ್ಲ. ಈಕಿದು ಬರೇ ಕಾಲೇಜ, ಕಾಲೇಜ," ಎಂದು ನನ್ನ ಕಡೆ ಕೈ ಮಾಡಿದಳು.

"ಹಂಗನಬ್ಯಾಡ್ರಿ ಅಮ್ಮಾರ. ಮೇಡಂ ಅವರ ಲ್ಯಾಬ್ ಹೆಂಗ ಇಟ್ಟಾರ ಗೊತ್ತೇನ್ರಿ? ಒಂದ ವೈರು ಕೂಡ ಅತ್ಲಾಗ ಇತ್ಲಾಗ ಇಲ್ಲ," ಅಂದಳು ಶಿವಲೀಲಾ.

ನನ್ನ ಮನೆಯಲ್ಲಿ, ನನ್ನ ಅವ್ವನ ಮುಂದೆ, ಅವಳು ನನ್ನ ಪರ ವಹಿಸಬೇಕಾಯಿತು. ಅವರಿಬ್ಬರೂ ಗದಗಿನ ಮಳೆ, ರಾಯಚೂರಿನ ಬಿಸಿಲು ಎಂದು ಎರಡು ತಾಸು ಮಾತಾಡಿದರು. ನಾನು ಚಹಾ ಮಾಡಿ ತಂದೆ. ಅದಕ್ಕೆ ಸಕ್ಕರೆ ಹಾಕಲು ಮರೆತಿದ್ದೆ; ಇಬ್ಬರೂ ಹೇಳಲಿಲ್ಲ.

ಆಮೇಲೆ ನೀರಿನ ವಿಷಯ ಬಂತು. ನಮ್ಮಲ್ಲಿ ಶಾಖ ಅಳೆಯುವ ಒಂದು ಪ್ರಯೋಗವಿದೆ. ಎರಡು ಲೋಹದ ತಂತಿಗಳ ತುದಿ ಬೆಸೆದು ನೀರಿಗೆ ಇಳಿಬಿಡುವುದು, ಪಕ್ಕದಲ್ಲಿ ಪಾದರಸದ ಥರ್ಮಾಮೀಟರ್ ಇಟ್ಟು ನೀರನ್ನು ಕಾಯಿಸುತ್ತಾ ಹೋಗುವುದು, ಎರಡನ್ನೂ ಹೋಲಿಸುವುದು. ನೀರು ಕುದಿಯುವಾಗ ಕೊನೆಯ ರೀಡಿಂಗು. ನನ್ನ ಕೈಪಿಡಿಯಲ್ಲಿ ಅದು ನೂರು ಡಿಗ್ರಿ. ಹನ್ನೊಂದು ವರ್ಷ ಎಲ್ಲ ಹುಡುಗರೂ ನೂರು ಎಂದೇ ಬರೆದಿದ್ದರು.

ಆ ದಿನ ಮಧ್ಯಾಹ್ನ ಹುಡುಗರೆಲ್ಲ ಊಟಕ್ಕೆ ಹೋದ ಮೇಲೆ ಶಿವಲೀಲಾ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಮೇಡಂ, ಹೈದರಾಬಾದಿನ್ಯಾಗ ನೀರು ನೂರಕ್ಕ ಕುದಿಯೂದುಲ್ಲ್ರಿ."

"ಅಂದ್ರ?"

"ತೊಂಬತ್ತೆಂಟಕ್ಕ ಕುದಿತೈತ್ರಿ. ಈ ಊರು ಸಮುದ್ರದಕಿಂತ ಐದುನೂರು ಮೀಟರಿನ ಮ್ಯಾಲೈತಲ್ರಿ, ಗಾಳಿ ಒತ್ತಡ ಕಡಿಮಿ. ಪುಸ್ತಕದಾಗಿನ ನೂರು ಸಮುದ್ರದ ದಂಡಿದು. ನಮ್ಮ ಪುಸ್ತಕ..." ಎಂದು ತಡೆದಳು. ನಮ್ಮ ಪುಸ್ತಕ ಅಂದರೆ ನನ್ನ ಪುಸ್ತಕ.

ಗಾಳಿಯ ಒತ್ತಡ ಕಡಿಮೆಯಾದರೆ ನೀರು ಬೇಗ ಕುದಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಕಲಿಸುತ್ತಿದ್ದೆ. ಬೋರ್ಡಿನ ಮೇಲಿನದನ್ನು ಎದುರಿನ ಬೀಕರಿಗೆ ಹಚ್ಚಿ ನೋಡುವ ಬುದ್ಧಿ ಮಾತ್ರ ಬಂದಿರಲಿಲ್ಲ. ಆದರೆ ಅವಳಿಗೆ ಹೇಳಿದ್ದು ಬೇರೆ.

"ಥರ್ಮಾಮೀಟರ್ ಕೆಟ್ಟಿರಬೇಕು."

"ಮೂರು ಇಟ್ಟು ನೋಡಿದೆನ್ರಿ."

"ಮೂರೂ ಕೆಟ್ಟಿರಬೇಕು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಶಿವಲೀಲಾ ನನ್ನ ಮುಖ ನೋಡಿದಳು, "ಇರಬಹುದ್ರಿ," ಅಂದು ಹೊರಟುಹೋದಳು. ಹುಡುಗರ ಮುಂದೆ ಹೇಳಿ ನನ್ನ ಮಾನ ತೆಗೆಯಬಹುದಿತ್ತು. ಬಾಗಿಲು ಹಾಕಿ ಹೇಳಿದಳು. ಆ ಒಳ್ಳೆಯತನವನ್ನೇ ನನಗೆ ಸಹಿಸಲಾಗಲಿಲ್ಲ. ಅವಳು ಸೊಕ್ಕಿನವಳಾಗಿದ್ದರೆ ನನಗೆ ಎಷ್ಟು ಅನುಕೂಲವಿತ್ತು!

ಸಂಜೆ ಒಂದು ಥರ್ಮಾಮೀಟರನ್ನು ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದೆ. ಪಾತ್ರೆಯಲ್ಲಿ ನೀರಿಟ್ಟು ಗ್ಯಾಸ್ ಹೊತ್ತಿಸಿ, ಅದನ್ನು ಇಳಿಬಿಟ್ಟು ಬಗ್ಗಿ ನೋಡುತ್ತಾ ನಿಂತೆ. ಅವ್ವ ಬಂದಳು.

"ಏನ್ವಾ, ನೀರಿಗಿ ಜ್ವರ ಬಂದಾವೇನ?"

ನೀರು ಗಳಗಳ ಕುದಿಯುತ್ತಿತ್ತು. ಪಾದರಸ ತೊಂಬತ್ತೆಂಟಕ್ಕೆ ಬಂದು ನಿಂತುಬಿಟ್ಟಿತು. ಉರಿ ಜಾಸ್ತಿ ಮಾಡಿದೆ. ಏರಲಿಲ್ಲ. ಐದು ನಿಮಿಷ ಕಾದೆ, ಏರಲಿಲ್ಲ. ಎರಡು ಡಿಗ್ರಿ ಹೆಚ್ಚು ಕುದಿಯಲಿ ಎಂದು ನಾನು ಆ ನೀರನ್ನು ಬೇಡಿಕೊಂಡೆ ಅಂದರೆ ನೀವು ನಂಬಲಿಕ್ಕಿಲ್ಲ. ಅವ್ವ ಅದೇ ನೀರಿಗೆ ಚಹಾಪುಡಿ ಹಾಕಿದಳು.

ಮರುದಿನ ಹೋಗಿ "ನಿಮ್ಮ ಮಾತು ಖರೇ" ಅನ್ನಬಹುದಿತ್ತು. ನನ್ನ ಬ್ಯಾಚಿಗೆ "ಕೈಪಿಡಿಯಲ್ಲಿ ಇದ್ದಂತೆ ನೂರು ಎಂದೇ ಬರೆಯಿರಿ" ಅಂದೆ. ಅವಳ ಬ್ಯಾಚು ತೊಂಬತ್ತೆಂಟು ಎಂದು ಪೆನ್ನಿನಲ್ಲಿ ಬರೆಯಿತು. ಒಂದೇ ಲ್ಯಾಬಿನಲ್ಲಿ ನೀರು ಮಂಗಳವಾರ ನೂರಕ್ಕೂ ಗುರುವಾರ ತೊಂಬತ್ತೆಂಟಕ್ಕೂ ಕುದಿಯತೊಡಗಿತು.

ಸೆಪ್ಟೆಂಬರಿನಲ್ಲಿ ಶಿಕ್ಷಕರ ದಿನ. ಹುಡುಗರು ನನ್ನನ್ನು ವೇದಿಕೆಗೆ ಕರೆದು ಪ್ಲಾಸ್ಟಿಕ್ ಸುತ್ತಿದ ಹೂಗುಚ್ಛ, ಒಂದು ಪೆನ್ನಿನ ಸೆಟ್ಟು ಕೊಟ್ಟರು. ಎಲ್ಲ ಮೇಡಂಗಳಿಗೂ ಅದೇ ಹೂ, ಅದೇ ಪೆನ್ನು. ಕಾರ್ಯಕ್ರಮ ಮುಗಿದದ್ದೇ ತಡ, ಎಲ್ಲರೂ ಮಳೆಯಲ್ಲೇ ಲ್ಯಾಬಿನ ಕಡೆ ಓಡಿದರು. ಇನ್‌ಸ್ಟ್ರಕ್ಟರುಗಳನ್ನು ವೇದಿಕೆಗೆ ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ನಾನು ಹಿಂದೆಯೇ ಹೋಗಿ ಲ್ಯಾಬಿನ ಕಿಟಕಿಯಿಂದ ನೋಡಿದೆ. ಗುಜರಿಯಿಂದ ಒಂದು ಒಡೆದ ಗೇಜು ತಂದು, ಹಿತ್ತಾಳೆಯನ್ನು ಬೆಳಗಿ, ಒಳಗೆ ಗಡಿಯಾರ ಕೂರಿಸಿದ್ದರು. ಎರಡು ವಾರದ ಕೆಲಸವಾದರೂ ಇರಬೇಕು. ಕೊಟ್ಟವಳು ಅಫ್ರೀನ್, ಎರಡನೆಯ ಬ್ಯಾಚಿನ ಚುರುಕು ಹುಡುಗಿ. ಶಿವಲೀಲಾ ಅದನ್ನು ಕೈಗೆ ತೆಗೆದುಕೊಂಡು ಗಾಜನ್ನು ಟಕ್ ಟಕ್ ತಟ್ಟಿದಳು. ಹುಡುಗರು ಹೋ ಎಂದು ಕೂಗಿದರು. ನನ್ನ ಹೂಗುಚ್ಛದ ನೀರು ಸೀರೆಯ ಮೇಲೆಲ್ಲ ಸೋರುತ್ತಿತ್ತು. ಹನ್ನೊಂದು ವರ್ಷದಲ್ಲಿ ಒಬ್ಬನಾದರೂ ನನಗಾಗಿ ಒಂದು ಮೊಳೆ ಹೊಡೆದಿದ್ದನೇ ಎಂದು ಲೆಕ್ಕ ಹಾಕಿದೆ. ಇರಲಿಲ್ಲ.

ದಸರೆಗೆ ಮುಂಚೆ ರಾವ್ ಸಾರ್ ಕರೆದರು. ಸೆಮಿಸ್ಟರಿನ ಮಟ್ಟಿಗೆ ಬಂದ ಆರು ಮಂದಿಯ ಬಗ್ಗೆ ಆಯಾ ಲ್ಯಾಬಿನವರು ವರದಿ ಬರೆದುಕೊಡಬೇಕು. ಒಂದೇ ಪುಟ ಸಾಕು, ಕೈಯಲ್ಲೇ ಬರೆದುಕೊಡಿ, ಆಫೀಸಿನಲ್ಲಿ ಟೈಪ್ ಮಾಡಿಸುತ್ತೇನೆ ಅಂದರು. ಹಾಜರಿ, ನಡತೆ, ಕೊನೆಗೆ ಕೆಲಸದ ಫಲಿತಾಂಶ.

ಹಾಜರಿ ಪೂರ್ತಿ ಎಂದು ಬರೆದೆ. ನಡತೆ ಉತ್ತಮ. ಮೂರನೆಯದರ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಆಮೇಲೆ ಬರೆದೆ: "ಇವರು ಬಂದ ಮೇಲೆ ವಿದ್ಯಾರ್ಥಿಗಳ ಫಲಿತಾಂಶಗಳಲ್ಲಿ ತಪ್ಪಿನ ಪ್ರಮಾಣ ಗಮನಾರ್ಹವಾಗಿ ಹೆಚ್ಚಿದೆ."

ಸುಳ್ಳು ಒಂದಕ್ಷರವೂ ಇರಲಿಲ್ಲ. ಮೊದಲು ನೂರಕ್ಕೆ ಒಂದಿದ್ದದ್ದು ಅವಳ ಬ್ಯಾಚಿನಲ್ಲಿ ಆರೇಳಾಗಿತ್ತು, ರೆಕಾರ್ಡು ತೆಗೆದು ಯಾರು ಬೇಕಾದರೂ ನೋಡಬಹುದಿತ್ತು. ಮೊದಲಿನದು ಉಲ್ಟಾ, ಇದು ನಿಜವಾಗಿ ಅಳೆದದ್ದು ಎಂಬ ಇನ್ನೊಂದು ಸಾಲು ಬೇಕಿತ್ತು. ಅದನ್ನು ಬರೆದರೆ ನನ್ನ ಹನ್ನೊಂದು ವರ್ಷವನ್ನೂ ಬರೆಯಬೇಕಿತ್ತು. ಬರೆಯಲಿಲ್ಲ. ಅದು ಹೆದರಿಕೆಯಿಂದಲ್ಲ, ಹೊಟ್ಟೆಕಿಚ್ಚಿನಿಂದ. ಇದನ್ನು ಈಗ ಮುಚ್ಚಿಡುವುದಿಲ್ಲ. ಅವಳು ಹೋಗಲಿ ಅನ್ನಿಸಿತ್ತು, ಅಷ್ಟೆ. ಮೂರು ದಿನದ ಮೇಲೆ ಕಾಗದ ಟೈಪಾಗಿ ನನ್ನ ಮೇಜಿಗೆ ಬಂತು. ಓದದೆಯೇ ಸಹಿ ಹಾಕಿದೆ. ಬರೆದದ್ದನ್ನು ಮತ್ತೊಮ್ಮೆ ನೋಡಲು ಮನಸ್ಸಾಗಲಿಲ್ಲ.

ನವೆಂಬರಿನಲ್ಲಿ ಪ್ರಾಯೋಗಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಬಿರುಸು ಮಾತಿನವರು. ಅಫ್ರೀನಳ ಹಾಳೆಯನ್ನು ಎತ್ತಿ ಹಿಡಿದು ಹುಬ್ಬು ಗಂಟಿಕ್ಕಿದರು.

"ಕುದಿಯುವ ನೀರು ತೊಂಬತ್ತೆಂಟೇ? ಥರ್ಮಾಮೀಟರ್ ಕೆಟ್ಟಿದೆಯೇನಮ್ಮಾ?" ಎಂದು ತೆಲುಗಿನಲ್ಲಿ ಕೇಳಿದರು.

ಅಫ್ರೀನ್ ಊರಿನ ಎತ್ತರ, ಗಾಳಿಯ ಒತ್ತಡ ಎಲ್ಲವನ್ನೂ ಹೇಳಿದಳು. ಪರೀಕ್ಷಕರು ಕೆಂಪು ಪೆನ್ನನ್ನು ಹಾಳೆಯ ಮೇಲೆ ಹಿಡಿದೇ ಇದ್ದರು. "ಇದನ್ನು ನಿನಗೆ ಯಾರು ಹೇಳಿದ್ದು?"

ಆ ಹುಡುಗಿ ಲ್ಯಾಬಿನ ಹಿಂದಕ್ಕೆ ನೋಡಿದಳು. ಅಲ್ಲಿ ಶಿವಲೀಲಾ ಬೀಕರುಗಳಿಗೆ ನೀರು ತುಂಬುತ್ತಿದ್ದಳು. ಜಗ್ಗನ್ನು ಕೆಳಗಿಟ್ಟು, ತನ್ನ ಆ ವಕ್ರ ತೆಲುಗಿನಲ್ಲಿ, ಗಟ್ಟಿಯಾಗಿ, "ಮೇಡಂ ಹೇಳಿಕೊಟ್ಟದ್ದು ಸಾರ್," ಅಂದಳು.

ಪರೀಕ್ಷಕರು ನನ್ನ ಕಡೆ ತಿರುಗಿದರು. ನಾನು "ಹೌದು ಸಾರ್" ಅಂದೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ!

ಅವರ ಮುಖ ಅರಳಿತು. ಎಷ್ಟು ಕಾಲೇಜು ನೋಡಿದೆ, ಎಲ್ಲ ಕಡೆ ನೂರೇ, ಹೈದರಾಬಾದಿಗೆ ಸಮುದ್ರ ಬಂದಿದೆ ಅಂದುಕೊಂಡಿದ್ದಾರೆ ಎಂದು ನಕ್ಕರು. ಅಫ್ರೀನಳಿಗೆ ಪೂರ್ತಿ ಅಂಕ ಕೊಟ್ಟರು. ಮರುದಿನ ನನ್ನದೇ ಬ್ಯಾಚಿನ ಪರೀಕ್ಷೆ. ಎಲ್ಲರ ಹಾಳೆಯಲ್ಲೂ ನೂರು. "ಇಂಥ ಮೇಡಂ ಇದ್ದೂ ನೀವು ಕಿವಿ ಕೊಡಲಿಲ್ಲವಲ್ಲ!" ಎಂದು ಅವರನ್ನು ಬೈದರು. ಮೂವತ್ತು ಹುಡುಗರು ನನ್ನ ಮುಖ ನೋಡಿದರು. ನಾನು ಕಿಟಕಿಯ ಹೊರಗೆ, ಬೇಗಂಪೇಟೆಯ ಹಳೇ ವಿಮಾನ ನಿಲ್ದಾಣದ ಕಡೆ ನೋಡುತ್ತಾ ನಿಂತೆ.

ತಿಂಗಳ ಕೊನೆಗೆ ಐದು ಮಂದಿಯನ್ನು ಮುಂದುವರಿಸಿದರು, ಶಿವಲೀಲಾಳನ್ನು ಬಿಟ್ಟರು. ಫಲಿತಾಂಶ ಸಾಲದು ಎಂದು ರಾವ್ ಸಾರ್ ಹೇಳಿ ಕಳಿಸಿದರಂತೆ. ಅವಳು ಕೀಲಿಕೈ ಗೊಂಚಲನ್ನು ನನ್ನ ಮೇಜಿನ ಮೇಲಿಟ್ಟು, "ಬರ್ತೀನ್ರಿ ಮೇಡಂ," ಅಂದಳು. ಆ ಭಾನುವಾರ ಮನೆಗೆ ಬಂದು ಅವ್ವನ ಕಾಲಿಗೆ ನಮಸ್ಕಾರ ಮಾಡಿ ಹೋದಳು. ಆ ಹೊತ್ತಿಗೆ ನಾನು ಬೇಕೆಂದೇ ಅಬಿಡ್ಸಿಗೆ ಪುಸ್ತಕ ನೋಡಲು ಹೋಗಿದ್ದೆ. ಪರೀಕ್ಷಕರ ಹೊಗಳಿಕೆ ರಾವ್ ಸಾರ್ ಕಿವಿಗೂ ಬಿದ್ದಿತ್ತು. ಮರುವರ್ಷ ಕೈಪಿಡಿ ತಿದ್ದಿ ಅಚ್ಚಾಯಿತು. ಅದರಲ್ಲಿ ನೀರು ತೊಂಬತ್ತೆಂಟಕ್ಕೆ ಕುದಿಯುತ್ತದೆ, ಮುಖಪುಟದಲ್ಲಿ ನನ್ನ ಹೆಸರಿದೆ.

ಗುಜರಿ ಗೇಜು, ಉಂಡಿ, ಪರೀಕ್ಷಕರ ಕೆಂಪು ಪೆನ್ನು, ಎಲ್ಲ ಆ ಶನಿವಾರ ರಾಳದ ಹೊಗೆಯ ಜೊತೆ ಎದ್ದು ಬಂದವು. ಮಿಕ್ಸರ್ ಹಿಡಿದು ಮನೆಗೆ ಬಂದೆ. ಶಿವಲೀಲಾ ಹಬ್ಬ ಹುಣ್ಣಿಮೆಗೆ ಅವ್ವನಿಗೆ ಫೋನ್ ಮಾಡುತ್ತಾಳೆ, ಇವತ್ತಿಗೂ. ನನ್ನ ಜೊತೆ ಮಾತಿಲ್ಲ. ಅವಳು ನನ್ನನ್ನು ಕೇಳುವುದಿಲ್ಲ, ನಾನು ಫೋನಿನ ಹತ್ತಿರ ಹೋಗುವುದಿಲ್ಲ. ಅವ್ವನ ಫೋನಿನಲ್ಲಿ ಅವಳ ನಂಬರು ತೆಗೆದು, ಮನಸ್ಸು ಬದಲಾಗುವ ಮೊದಲೇ ಅದರಿಂದಲೇ ಹಚ್ಚಿದೆ.

"ಹೇಳ್ರಿ ಅಮ್ಮಾರ," ಅಂದಳು.

"ಅವ್ವ ಅಲ್ಲ, ನಾನು."

"ಅಕ್ಕೋರ! ಆರಾಮದೀರಿ?" ಈಗ ಮೇಡಂ ಅನ್ನಬೇಕಾದ ಕೆಲಸ ಅವಳಿಗಿರಲಿಲ್ಲ.

ಏನು ಮಾಡಿಕೊಂಡಿದ್ದೀರಿ ಎಂದು ಕೇಳಿದೆ. ಕ್ವಾರ್ಟರ್ಸಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ ಅಂದಳು. "ಮತ್ತ ಕಾಲೇಜಿನ್ಯಾಗ ಆಗಲಿಲ್ರಿ. ಎಲ್ಲಿ ಹೋದ್ರೂ ಹಳೇ ಕಾಲೇಜಿನ ಪತ್ರ ಕೇಳ್ತಾರ." ದೂರುವ ಧ್ವನಿಯಲ್ಲ, ಹವಾಮಾನ ಹೇಳುವ ಹಾಗೆ ಹೇಳಿದಳು.

"ಶಿವಲೀಲಾ, ಆ ವರ್ಷದ ರಿಪೋರ್ಟು ನಾ ಬರದದ್ದು."

ಆ ಕಡೆ ಕುಕ್ಕರ್ ಒಂದು ಸೀಟಿ ಹೊಡೆಯಿತು. ಅವಳು ಎದ್ದು ಉರಿ ಸಣ್ಣ ಮಾಡಿ ಬಂದಳು.

"ಗೊತ್ತೈತ್ರಿ. ಅದನ್ನ ಟೈಪ್ ಮಾಡಿದಾಕಿ ನಾನ. ಆಫೀಸಿನ ಕ್ಲರ್ಕ್ ದಸರಾ ರಜಾದ ಮ್ಯಾಲಿದ್ದ. ಸಾರ್ ಆರೂ ಕಾಗದ ಹಂಗ ನನ್ನ ಕೈಯಾಗ ಕೊಟ್ರು. ಒಳಗ ಏನೈತಿ ಅಂತ ಅವರೂ ನೋಡಿರಲಿಲ್ಲ ಕಾಣತೈತಿ."

ದಸರೆ ಅಂದರೆ ಪರೀಕ್ಷೆಗೆ ಒಂದು ತಿಂಗಳು ಮೊದಲು.

"ಮತ್ತ ಆ ಎಕ್ಸಾಮಿನರ್ ಮುಂದ ನನ್ನ ಹೆಸರು ಯಾಕ ಹೇಳಿದ್ರಿ?"

"ಲ್ಯಾಬಿನಾಕಿ ಹೇಳಿಕೊಟ್ಟಾಳಂದ್ರ ಅವರು ಮಾರ್ಕ್ಸ್ ಕಟ್ ಮಾಡ್ತಿದ್ರಲ್ರಿ. ಅಫ್ರೀನಂದು ಏನ ತಪ್ಪಿತ್ತು?"

ನನಗಾಗಿ ಅಲ್ಲ, ಆ ಹುಡುಗಿಗಾಗಿ. ನನ್ನ ಮೇಲಿನ ಕರುಣೆಯಿಂದಲೋ ಸೇಡಿನಿಂದಲೋ ಆಗಿದ್ದರೂ ಒಂದು ಸಮಾಧಾನವಿರುತ್ತಿತ್ತು. ಅವಳ ಲೆಕ್ಕದಲ್ಲಿ ಆವತ್ತು ನಾನು ಇರಲೇ ಇಲ್ಲ.

"ಟೈಪ್ ಮಾಡುವಾಗ ಆ ಸಾಲು ಬಿಟ್ಟುಬಿಟ್ಟಿದ್ರ ನಡೀತಿತ್ತು," ಅಂದೆ. "ನಾ ಓದದ ಸಹಿ ಹಾಕಿದೆ."

"ಅದೂ ಗೊತ್ತಿತ್ರಿ. ನೀವು ಸಹಿ ಹಾಕುಮುಂದ ನಾ ಬಾಗಿಲದಾಗ ನಿಂತಿದ್ದೆ." ಅವಳೇ ಮುಂದುವರಿಸಿದಳು, "ಕೊಟ್ಟದ್ದನ್ನ ಕೊಟ್ಟಂಗ ಟೈಪ್ ಮಾಡಿದೆ. ಅಮ್ಮಾರಿಗೆ ಕೇಳೀನಂತ ಹೇಳ್ರಿ."

ಫೋನ್ ಇಟ್ಟೆ. ಅವ್ವ ಒಳಗಿನಿಂದ "ಏನಂದ್ಲು?" ಎಂದು ಕೂಗಿದಳು. "ನಿನ್ನ ಕೇಳ್ಯಾಳ," ಅಂದೆ. ನಾಚಿಕೆ ಬಂತು, ಅಳುವೂ ಬಂತು, ಆದರೆ ಅವೆಲ್ಲ ಆಮೇಲೆ. ಎಲ್ಲಕ್ಕಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ಅವಳ ಜಾಗದಲ್ಲಿ ನಾನಿದ್ದಿದ್ದರೆ, ಆ ಸಾಲನ್ನು ಬಿಟ್ಟೇ ಟೈಪ್ ಮಾಡುತ್ತಿದ್ದೆ.